ಗಣ್ಯರೂ ನನ್ನ ಸೋದರತ್ತೆಯೂ

ನಾನು ಸುಲಭಕ್ಕೆ ಸಿಟ್ಟಾಗುವವನಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ನಾನೇ ಕ್ಷಮೆ ಕೇಳುವ ಪೈಕಿ. ಆದರೆ ಅರವತ್ತರ ದಶಕದಲ್ಲಿ ನಾನು ಚರಿತ್ರೆ ಕಲಿಸುತ್ತಿದ್ದ ಮಣಿಪಾಲದ ಕಾಲೇಜೊಂದರಲ್ಲಿ ಪ್ರಿನ್ಸಿಪಾಲರು ತಂದ ನಿಯಮವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮಕ್ಕಳನ್ನೂ ನೆಂಟರನ್ನೂ ಯಾರೂ ಕಾಲೇಜಿನ ಆವರಣಕ್ಕೆ ಕರೆತರಬಾರದಂತೆ. ದಾರಿಹೋಕರಿಗೂ ಬೆಲ್ಲ ನೀರು ಕೊಟ್ಟು ಕೂರಿಸುವ ಸೀಮೆಯಲ್ಲಿ ನೆಂಟರನ್ನು ಗೇಟಿನಿಂದಲೇ ಸಾಗಹಾಕುವುದು ಎಂಥ ಮರ್ಯಾದೆ?

ನಿಯಮ ಬಂದ ವಾರವೇ ಶಂಕರಪುರದಿಂದ ನನ್ನ ಸೋದರತ್ತೆ ಬಂದರು. ತಾಯಿಯಿಲ್ಲದ ನನ್ನನ್ನು ಸಾಕಿದವರು ಅವರು. ನಾನು ಪಾಠ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಮಲ್ಲಿಗೆ ಮುಡಿದು, ನನ್ನ ಪುಟ್ಟ ಮಗಳ ಕೈ ಹಿಡಿದು, ಬಿಸಿಲಲ್ಲಿ ಗುಡ್ಡ ಹತ್ತಿ ಬಂದವರನ್ನು ವಾಚ್‌ಮನ್ ಶೀನ ಗೇಟಿನಲ್ಲೇ ತಡೆದ.

"ಒಳಗೆ ಬಿಡುವ ಹಾಗಿಲ್ಲ ಅಮ್ಮ, ನಿಯಮ ಉಂಟು."

"ನಾನು ಸಾಕಿದ ಹುಡುಗನನ್ನು ನೋಡಲಿಕ್ಕೆ ನಿನ್ನದೆಂತ ನಿಯಮ?" ಎಂದು ಅತ್ತೆ ಅಲ್ಲೇ ಕಲ್ಲಿನ ಮೇಲೆ ಕುಳಿತರು.

ಸುದ್ದಿ ತಿಳಿದು ನಾನು ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ. "ಮೊನ್ನೆ ಮದ್ರಾಸಿನಿಂದ ಸಂಸಾರ ಸಮೇತ ಬಂದವರು ತೋಟದ ಹೂವನ್ನೆಲ್ಲ ಕಿತ್ತು ಹೋದರಲ್ಲ ಸಾರ್, ಅವರನ್ನು ಯಾಕೆ ಬಿಟ್ಟಿರಿ?"

"ಅವರು ಗಣ್ಯರು."

"ಹಾಗಾದರೆ ನನ್ನ ಅತ್ತೆ ನಗಣ್ಯರಾ?"

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿ, "ಒಂದು ಪಾಠಕ್ಕೆ ಮಾತ್ರ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಲಿ" ಎಂದರು.

ಗೆದ್ದ ಹುರುಪಿನಲ್ಲಿ ನಾನು ಪಾಣಿಪತ್ ಯುದ್ಧ ಶುರುಮಾಡಿದೆ. ಬಾಬರನ ಸೈನ್ಯ ಹೊರಡುವ ಮೊದಲೇ ಹಿಂದಿನ ಸಾಲಿನ ಹುಡುಗರು ತೂಕಡಿಸತೊಡಗಿದರು. ನಾನದನ್ನು ದಿನಾ ನೋಡಿಯೂ ನೋಡದ ಹಾಗಿರುತ್ತಿದ್ದೆ. ಅತ್ತೆಗೆ ಸಹಿಸಲಾಗಲಿಲ್ಲ. ಎದ್ದು ಒಬ್ಬೊಬ್ಬನ ಭುಜ ಅಲುಗಾಡಿಸಿ, "ಏಳು ಮಗಾ, ಪಾಪ, ಅವನು ಅಷ್ಟು ಹೊತ್ತಿನಿಂದ ಒಬ್ಬನೇ ಮಾತಾಡ್ತಾ ಇದ್ದಾನೆ" ಎಂದರು. ತರಗತಿ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮಗಳು.

ಹೊರಡುವಾಗ ಅತ್ತೆಯ ಮುಖ ಅರಳಿತ್ತು. "ಪಾಠ ಒಳ್ಳೆಯದುಂಟು. ಬರುವ ವಾರ ಪೆರ್ಡೂರಿನ ಚಿಕ್ಕಿಯನ್ನೂ ಕರ್ಕೊಂಡು ಬರ್ತೇನೆ. ಇಬ್ಬರಿದ್ದರೆ ಹುಡುಗರನ್ನು ಎಬ್ಬಿಸಲಿಕ್ಕೆ ಸುಲಭ."

ಮರುದಿನ ಶೀನ ಸಂಕೋಚದಿಂದ, "ಇನ್ನು ನಿಮ್ಮ ಅತ್ತೆಯನ್ನು ತಡೆಯುವುದಿಲ್ಲ ಸಾರ್" ಎಂದ.

ನಾನು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದೆ: "ಹಾಗೆಲ್ಲ ಸಡಿಲ ಬಿಡಬಾರದು ಮಾರಾಯ. ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ, ಅಲ್ವಾ?"