ಅತ್ತೆಯ ಮರ, ನನ್ನ ಕಸಿ

ಬಾರದ ಕೆಲಸವೊಂದು ಕಣ್ಣಿಗೆ ಬಿದ್ದರೆ ಅದನ್ನು ಕಲಿಯದೆ ಬಿಡುವ ಜಾಯಮಾನ ನನ್ನದಲ್ಲ. ಕಲಿಯಲು ಹೋದಾಗಲೆಲ್ಲ ಏನಾದರೊಂದು ಎಡವಟ್ಟು ಆಗದೆ ಇರುವುದೂ ಇಲ್ಲ. ನಾನು ಶ್ರೀನಿವಾಸಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಇಪ್ಪತ್ತೆರಡು ವರ್ಷ ಕಡತ ಕಟ್ಟಿ ಬಿಚ್ಚಿದ್ದು ಬಿಟ್ಟರೆ ಕೈಯಿಂದ ಬೇರೆ ಕೆಲಸ ಮಾಡಿದವಳಲ್ಲ.

ಹೋದ ವರ್ಷದ ಎಡವಟ್ಟುಗಳಿಗೆಲ್ಲ ಮೂಲ ನಮ್ಮ ಹಿತ್ತಲಿನ ಮಾವಿನ ಮರ. ಅತ್ತೆ ಮದುವೆಯಾಗಿ ಬರುವಾಗ ರಾಯಲ್ಪಾಡಿನ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಓಟೆಯಿಂದ ಎದ್ದ ಮರ ಅದು. ಅದರ ಹಣ್ಣಿಗೆ ಹೆಸರಿಲ್ಲ, ಯಾವ ಮಂಡಿಯಲ್ಲೂ ಸಿಗುವುದಿಲ್ಲ. ಕಾಂಡಕ್ಕೆ ಹುಳು ಹಿಡಿದು ಒಳಗೆಲ್ಲ ಪೊಳ್ಳಾಗಿತ್ತು, ಇನ್ನೊಂದು ಮಳೆಗಾಲ ತಡೆಯುವುದೇ ಅನುಮಾನ. ಅತ್ತೆ ದಿನಾ ಸಂಜೆ ಅದರ ಬುಡದಲ್ಲಿ ಸುಮ್ಮನೆ ಕೂತು ಎದ್ದು ಬರುತ್ತಿದ್ದರು. ಒಂದು ಸಂಜೆ ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಅತ್ತೆ, ಇದರ ಕಡ್ಡಿ ತೆಗೆದು ನಾನೇ ಕಸಿ ಕಟ್ತೀನಿ. ಇದೇ ಹಣ್ಣು ಬಿಡೋ ಇನ್ನೊಂದು ಗಿಡ ಮಾಡಿಕೊಡ್ತೀನಿ" ಎಂದೆ.

"ನರ್ಸರಿಯವನ್ನ ಕರೆದ್ರೆ ಅರ್ಧ ಗಂಟೆ ಕೆಲ್ಸ ಕಣೇ" ಎಂದರು ನಮ್ಮ ಯಜಮಾನರು.

"ಬೇಡ. ನಾನೇ ಕಲೀತೀನಿ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಕೊತ್ತಂಬರಿ ಬೀಜ ಚೆಲ್ಲಿದ್ರೂ ಹುಟ್ಟಲ್ಲ ಕಣಮ್ಮ" ಎಂದರು. ಅಷ್ಟು ಸಾಕಾಯಿತು ನನಗೆ.

ಅತ್ತೆಯೇ ಹಾರನ್ನು

ಕಸಿ ಕಲಿಸಲು ಒಪ್ಪಿದವರ ನರ್ಸರಿ ಇದ್ದದ್ದು ರಾಯಲ್ಪಾಡಿನ ದಾರಿಯಲ್ಲಿ, ಏಳು ಕಿಲೋಮೀಟರ್ ದೂರ. ಕಚೇರಿ ಬಿಟ್ಟ ಮೇಲೆ ಸರಿಯಾದ ಹೊತ್ತಿಗೆ ಬಸ್ಸಿಲ್ಲ. ಹಾಗಾಗಿ ಕಸಿಗಿಂತ ಮೊದಲು ಸ್ಕೂಟರ್ ಕಲಿಯಬೇಕಾಯಿತು. ಎರಡು ಭಾನುವಾರ ಮೈದಾನ ಸುತ್ತಿ ರಸ್ತೆಗೆ ಇಳಿದೆ. "ಒಬ್ಬಳನ್ನೇ ಬಿಡಲ್ಲ" ಎಂದು ಅತ್ತೆ ಹಿಂದೆ ಹತ್ತಿ ಕೂತರು.

ನಾನು ಹಾರನ್ ಹುಡುಕುವಷ್ಟರಲ್ಲಿ ಅತ್ತೆ ಒಂದು ಕೈ ಮೇಲೆತ್ತಿ ತೆಲುಗಿನಲ್ಲಿ ಕೂಗಲು ಶುರುಮಾಡಿದರು. "ಪಕ್ಕಕಿ ಜರಗಂಡಿ! ಕೋಡಲು ನೇರ್ಚುಕುಂಟಾ ಉಂದಿ!" ಪಕ್ಕಕ್ಕೆ ಸರಿಯಿರಿ, ಸೊಸೆ ಕಲಿಯುತ್ತಿದ್ದಾಳೆ ಅಂತ. ಟೊಮೆಟೊ ತುಂಬಿದ ಟೆಂಪೊ ನಿಂತಿತು, ಹಸು ಹೊಡೆದುಕೊಂಡು ಹೋಗುತ್ತಿದ್ದವರು ಹಸುವಿನ ಸಮೇತ ಮೋರಿ ದಾಟಿದರು. ಏಳು ಕಿಲೋಮೀಟರೂ ಇದೇ ಘೋಷಣೆ. ಹದಿನೈದು ದಿನ ಹೀಗೇ ನಡೆಯಿತು.

ಕೈ ಕುದುರಿದ ಮೇಲೆ ಒಂದು ದಿನ ಒಬ್ಬಳೇ ಹೊರಟೆ. ದಾರಿಯಲ್ಲಿ ಟೀ ಅಂಗಡಿಯ ಮುಂದೆ ಕೂತಿದ್ದವರೆಲ್ಲ ನನ್ನನ್ನು ಕಂಡದ್ದೇ ಎದ್ದು, ಬೆಂಚನ್ನೂ ಎತ್ತಿಕೊಂಡು ಒಳಗೆ ಹೋದರು. ಗಾಡಿ ನಿಲ್ಲಿಸಿ, "ನಾನೀಗ ಚೆನ್ನಾಗಿ ಓಡಿಸ್ತೀನಿ, ಅತ್ತೆ ಕೂಡ ಬಂದಿಲ್ಲ ನೋಡಿ" ಎಂದೆ.

"ಅದಕ್ಕೇ ಮೇಡಂ, ಇವತ್ತು ಕೂಗೋರು ಯಾರೂ ಇಲ್ವಲ್ಲ" ಎಂದರು ಅಂಗಡಿಯವರು.

ನುಗ್ಗೆಕಾಯಿ ಸಾರು

"ಓಟೆ ಗಿಡ, ಅಂದ್ರೆ ಓಟೆಯಿಂದ ಎದ್ದ ಎಳೇ ಸಸಿ, ಅದರ ತಲೆ ಕತ್ತರಿಸಿ ನಡುವೆ ಸೀಳಬೇಕು. ಕಡ್ಡಿಯ ತುದೀನ ಎರಡೂ ಕಡೆ ಸವರಿ ಆ ಸೀಳಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗೀಬೇಕು" ಎಂದು ನರ್ಸರಿಯವರು ತೋರಿಸಿದರು. "ಒಂದೇ ಏಟಿಗೆ ಕತ್ತರಿಸ್ಬೇಕು ಮೇಡಂ, ಕೆರೆದ್ರೆ ಕೂಡ್ಕೊಳಲ್ಲ. ಮೊದಲು ಮನೇಲಿ ಯಾವುದ್ರ ಮೇಲಾದ್ರೂ ಕೈ ಪಳಗಿಸ್ಕೊಳಿ."

ನನಗೆ ಕಂಡದ್ದು ನುಗ್ಗೆಕಾಯಿ. ಒಂದು ವಾರ ನಮ್ಮ ಮನೆಯಲ್ಲಿ ನುಗ್ಗೆಕಾಯಿ ಸಾರು, ನುಗ್ಗೆಕಾಯಿ ಹುಳಿ, ನುಗ್ಗೆಕಾಯಿ ಗೊಜ್ಜು. ಒಂದೊಂದು ಹೋಳೂ ಬೆಣೆಯ ಹಾಗೆ ಚೂಪು. ಯಜಮಾನರು ಮುದ್ದೆ ಮುರಿಯುತ್ತ, "ಸಾರಿನ ಜೊತೆ ಗಾಯಕ್ಕೆ ಹಚ್ಚೋ ಮುಲಾಮೂ ಇಡೇ" ಎಂದರು.

ಶನಿವಾರ ಅತ್ತೆಯ ತಟ್ಟೆಗೆ ಬಿದ್ದದ್ದು ಎರಡು ಹೋಳು ಒಂದರೊಳಗೊಂದು ಕೂತು, ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿದುಕೊಂಡಿದ್ದ ನುಗ್ಗೆಕಾಯಿ. ಅಭ್ಯಾಸ ಮಾಡುವಾಗ ಕಟ್ಟಿದ್ದನ್ನು ಬಿಚ್ಚಲು ಮರೆತು ಹಾಗೇ ಬೇಯಿಸಿಬಿಟ್ಟಿದ್ದೆ.

ಅತ್ತೆ ಎಳೆದು ನೋಡಿದರು, ಬಿಡಲಿಲ್ಲ. "ಕಟ್ಟೋದು ಬಂತು ಕಣಮ್ಮ. ಇನ್ನು ಬೇಯಿಸೋದೊಂದು ಬಿಟ್ಬಿಡು" ಎಂದರು.

ದಿನವಹಿ ತಪಾಸಣೆ

ಆಷಾಢದಲ್ಲಿ, ನರ್ಸರಿಯಿಂದ ಪುಟ್ಟ ಚೀಲಗಳಲ್ಲಿ ತಂದ ಹತ್ತು ಓಟೆ ಗಿಡಕ್ಕೆ ಅತ್ತೆಯ ಮರದ ಕಡ್ಡಿ ಕಟ್ಟಿದೆ. ತೇವ ಆರದ ಹಾಗೆ ಪ್ರತಿಯೊಂದಕ್ಕೂ ಐಸ್ ಕ್ಯಾಂಡಿಯ ಪ್ಲಾಸ್ಟಿಕ್ ಕೊಳವೆ ತೊಡಿಸಿದೆ. ಒಂದರಿಂದ ಹತ್ತರವರೆಗೆ ನಂಬರ್ ಚೀಟಿ ಕಟ್ಟಿ, ಒಂದು ರಿಜಿಸ್ಟರನ್ನೂ ತೆರೆದೆ. ಏಳನೇ ನಂಬರಿನದನ್ನು ಕಚೇರಿಗೆ ಒಯ್ದು ಎಲ್ಲರಿಗೂ ತೋರಿಸಿ ಬೀಗಿದೆ.

ದಿನಾ ಬೆಳಿಗ್ಗೆ ಎಂಟಕ್ಕೆ ತಪಾಸಣೆ. ಕೊಳವೆ ತೆಗೆಯುವುದು, ಪಟ್ಟಿ ಸಡಿಲಿಸಿ ಗಾಯ ಕೂಡಿದೆಯೇ ನೋಡುವುದು, ಮತ್ತೆ ಕಟ್ಟುವುದು, ರಿಜಿಸ್ಟರಿನಲ್ಲಿ 'ಪರಿಶೀಲನೆಯಲ್ಲಿದೆ' ಎಂದು ಬರೆಯುವುದು. ಎರಡನೇ ವಾರ ಒಂದೊಂದೇ ಕಡ್ಡಿ ಕಪ್ಪಾಗತೊಡಗಿತು. ನರ್ಸರಿಯವರಿಗೆ ರಿಜಿಸ್ಟರ್ ತೋರಿಸಿದೆ. ಅವರು ಹಣೆ ಹಣೆ ಚಚ್ಚಿಕೊಂಡರು. "ಮೇಡಂ, ಆಪರೇಷನ್ ಆದೋರ ಹೊಲಿಗೆ ದಿನಾ ಬಿಚ್ಚಿ ನೋಡ್ತಾರಾ ಯಾರಾದ್ರೂ?"

ಆದರೂ ಮೂರನೇ ನಂಬರು ಚಿಗುರಿತು! ತಡೆಯಲಾರದೆ ಕಚೇರಿಗೆಲ್ಲ ಮೈಸೂರು ಪಾಕ್ ಹಂಚಿ ಬಂದು ಅತ್ತೆಗೆ ತೋರಿಸಿದೆ. ಅತ್ತೆ ಕನ್ನಡಕ ಹಾಕಿ, ಬಗ್ಗಿ ನೋಡಿ, ಚಿಗುರನ್ನು ಬೆರಳಲ್ಲಿ ಮುಟ್ಟಿದರು. "ಇದು ನೀನು ಕಸಿ ಕಟ್ಟಿದ ಗಂಟಿನ ಕೆಳಗೆ ಬಂದಿರೋದು ಕಣಮ್ಮ. ಓಟೆ ಗಿಡದ್ದೇ ಚಿಗುರು. ನನ್ನ ಮರದ್ದಲ್ಲ."

ಮರುದಿನ ಕಚೇರಿಯಲ್ಲಿ ವಿಷಯ ಹೇಳಿದೆ. "ಸ್ವೀಟ್ ವಾಪಸ್ ಕೊಡೋಕಾಗಲ್ಲ ಮೇಡಂ, ಅದು ಗಂಟಿನ ಕೆಳಗೆ ಹೋಗಿ ಆಯ್ತು" ಎಂದು ನಮ್ಮ ಅಟೆಂಡರ್ ಗಂಟಲು ಮುಟ್ಟಿ ತೋರಿಸಿದರು.

ನನಗೆ ನಾನೇ ಹಾಕಿದ ಆಕ್ಷೇಪಣೆ

ಸೋಲುವವಳಲ್ಲ ನಾನು. ಮತ್ತೆ ಕಟ್ಟೋಣವೆಂದು ಮರದ ಒಳ್ಳೆಯ ರೆಂಬೆಗಳ ಎಲೆ ಸವರಿ ಬಿಟ್ಟೆ. ಹಾಗೆ ಬಿಟ್ಟರೆ ಹತ್ತು ದಿನಕ್ಕೆ ಮೊಗ್ಗು ಉಬ್ಬಿ ಕಡ್ಡಿ ತಯಾರಾಗುತ್ತದೆ. ಎಂಟನೇ ದಿನ ಕೋಲಾರದಲ್ಲಿ ಕಂಪ್ಯೂಟರ್ ತರಬೇತಿಗೆ ಬರಹೇಳಿದರು. ಮಾಲೂರು, ಮುಳಬಾಗಿಲಿನಿಂದಲೂ ನನ್ನಂಥವರು ಬಂದಿದ್ದರು. ಇನ್ನು ಕಡತವೆಲ್ಲ ಕಂಪ್ಯೂಟರಿನಲ್ಲೇ ಓಡಾಡಬೇಕಂತೆ.

ಅಭ್ಯಾಸಕ್ಕೆ ಯಾವುದಾದರೂ ಅರ್ಜಿ ಬರೆದು ಕಳಿಸಿ ಎಂದರು. ನಮ್ಮ ರೆಕಾರ್ಡ್ ರೂಮಿನ ಹಿಂದೆ ನೀರಿನ ಟ್ಯಾಂಕಿನ ಪೈಪು ಎರಡು ವರ್ಷದಿಂದ ಸೋರುತ್ತಿತ್ತು. ಅದರ ದುರಸ್ತಿಗೆ ಮೂರು ಅರ್ಜಿ ಕೊಟ್ಟವಳು ನಾನೇ, ಬಾಯಿಪಾಠವಾಗಿತ್ತು. ಅದನ್ನೇ ಟೈಪು ಮಾಡಿ ಒತ್ತಿದೆ. ಎಲ್ಲಿ ಒತ್ತಿದೆನೋ, ಅದು ನನಗೇ ಬಂತು. ಬಂದ ಕಡತವನ್ನು ಸುಮ್ಮನೆ ಬಿಡುವ ಅಭ್ಯಾಸವಿಲ್ಲ. 'ಅಂದಾಜು ಪಟ್ಟಿ ಲಗತ್ತಿಸಿಲ್ಲ' ಎಂದು ಆಕ್ಷೇಪಣೆ ಹಾಕಿದೆ. ಅದೂ ನನಗೇ ಬಂತು. ಸಿಟ್ಟು ಬಂದು ಸಮಜಾಯಿಷಿ ಬರೆದೆ. ಅದರ ಭಾಷೆ ಸರಿಯಿಲ್ಲವೆಂದು ನಾನೇ ನೋಟಿಸ್ ಕೊಟ್ಟೆ. ಸಂಜೆಗೆ ಅರ್ಜಿ ತಿರಸ್ಕೃತ.

"ನಿಮ್ಮ ಅರ್ಜೀನ ನೀವೇ ತಿರಸ್ಕರಿಸಿದ್ದೀರಲ್ಲ ಮೇಡಂ?" ಎಂದರು ತರಬೇತಿಯವರು.

"ನನ್ನದು ಅಂತ ನಿಯಮ ಸಡಿಲಿಸೋಕಾಗುತ್ತಾ ಸಾರ್?" ಎಂದೆ.

ಹಿಂದಿನ ಕಿಟಕಿ

ನಗುತ್ತ ಊರಿಗೆ ಬಂದರೆ ಹಿತ್ತಲು ಬಟಾಬಯಲು. ಮಧ್ಯಾಹ್ನದ ಗಾಳಿ ಮಳೆಗೆ ಮರ ಹಿತ್ತಲಾಚೆಯ ದಾರಿಗೆ ಅಡ್ಡಲಾಗಿ ಉರುಳಿತ್ತು. ಜನ ಸೇರಿ ಕಡಿದು ಸಾಗಿಸಿದ್ದರು. ಉಳಿದ ಹಸಿರು ಕಡ್ಡಿಗಳನ್ನೆಲ್ಲ ಬೀದಿಯ ಮೇಕೆಗಳು ಮುಗಿಸಿದ್ದವು, ನಾನು ಸವರಿಟ್ಟವೂ ಸೇರಿ. ಅತ್ತೆ ಬುಡದ ಹತ್ತಿರ ಕೂತಿದ್ದರು. "ಬಿಡಮ್ಮ, ನೀನು ಮಾಡೋದೆಲ್ಲ ಮಾಡಿದ್ದೀಯ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಅಳು ಬಂದುಬಿಟ್ಟಿತು.

ಎರಡು ತಿಂಗಳಾದ ಮೇಲೆ ಆಯುಧಪೂಜೆ ಬಂತು. ನಮ್ಮ ರೆಕಾರ್ಡ್ ರೂಮಿಗೆ ಪೊರಕೆ ಕಾಣುವುದು ವರ್ಷಕ್ಕೆ ಆ ಒಂದೇ ದಿನ. ಒಳಗಿನಿಂದ ಅಟೆಂಡರ್ ಕೂಗಿದರು. "ಮೇಡಂ, ಹಿಂದಿನ ಕಿಟಕೀಲಿ ಒಂದು ಗಿಡ ಐತೆ, ನಿಮ್ಮ ಅಕ್ಷರದ ಚೀಟಿ ಐತೆ!"

ಓಡಿದೆ. ಏಳನೇ ನಂಬರು! ತೋರಿಸಲು ತಂದ ದಿನ ಸಾಹೇಬರು ಕರೆದರೆಂದು ಕಿಟಕಿಯ ಹೊರಗಟ್ಟೆಯ ಮೇಲಿಟ್ಟು ಹೋದವಳು ಹಾಗೇ ಮರೆತಿದ್ದೆ. ರಿಜಿಸ್ಟರಿನಲ್ಲಿ 'ಏಳು, ಕಚೇರಿಯಲ್ಲಿದೆ' ಎಂದು ಬರೆದು ಮುಗಿಸಿದ್ದೆ. ಕಚೇರಿಯಲ್ಲಿದೆ ಎಂದು ಬರೆದ ಮೇಲೆ ಹುಡುಕುವ ಪದ್ಧತಿ ನಮ್ಮಲ್ಲಿಲ್ಲ. ಮೂರು ತಿಂಗಳು ಯಾರೂ ಮುಟ್ಟಿರಲಿಲ್ಲ, ಯಾರೂ ತಪಾಸಣೆ ಮಾಡಿರಲಿಲ್ಲ. ಸೋರುವ ಪೈಪು ತೊಟ್ಟು ತೊಟ್ಟಾಗಿ ನೀರು ಹಾಕಿತ್ತು. ಕೊಳವೆಯನ್ನು ಒಡೆದುಕೊಂಡು ಕೆಂಪು ಚಿಗುರು ಹೊರಬಂದಿತ್ತು.

ನನ್ನ ಕಣ್ಣನ್ನು ನಾನೇ ನಂಬದೆ ಸ್ಕೂಟರಿನಲ್ಲಿ ಹೋಗಿ ಅತ್ತೆಯನ್ನು ಕರೆತಂದೆ. ದಾರಿಯುದ್ದಕ್ಕೂ ಅವರು ಕೂಗಲಿಲ್ಲ, ನಾನೇ ಕೂಗಿದೆ. ಅತ್ತೆ ಕನ್ನಡಕ ಹಾಕಿ ಮೊದಲು ಗಂಟು ಹುಡುಕಿದರು. ಚಿಗುರು ಗಂಟಿನ ಮೇಲಿತ್ತು. ಒಂದು ಎಲೆ ಚಿವುಟಿ ಮೂಸಿ ನೋಡಿ ಕಣ್ಣು ಮುಚ್ಚಿದರು. "ನಮ್ಮಮ್ಮನ ಮನೇದೇ" ಎಂದವರು ಆಮೇಲೆ ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. "ಕೈ ಚೆನ್ನಾಗೇ ಐತೆ ಕಣಮ್ಮ. ಕಣ್ಣೇ ನಿಂದು ಸರಿಯಿಲ್ಲ, ಸುಮ್ಮನಿರಲ್ಲ."

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಪ್ಲಂಬರ್ ಬಂದು ನಿಂತ. "ಟ್ಯಾಂಕ್ ಪೈಪು ರಿಪೇರಿ. ಮೂರು ಅರ್ಜಿ ಬಂದಿತ್ತಂತೆ."

ನಾನು ಕಿಟಕಿಗೆ ಅಡ್ಡ ನಿಂತೆ. "ಮುಟ್ಟಬೇಡಪ್ಪ! ಈಗ ಎತ್ತಿದ್ರೆ ಬಾಡುತ್ತೆ, ಇನ್ನೆರಡು ತಿಂಗಳು ಸೋರಲಿ!"

"ಮೂರು ಅರ್ಜೀಲೂ ನಿಮ್ಮದೇ ಸಹಿ ಐತಲ್ಲಮ್ಮ?"

ಕೋಲಾರದಲ್ಲಿ ಕಲಿತ ವಿದ್ಯೆ ಕೈಯಲ್ಲಿತ್ತು. ಕಂಪ್ಯೂಟರಿನ ಮುಂದೆ ಕೂತು, ಈ ಸಲ ಸರಿಯಾದ ಜಾಗ ನೋಡಿ ಒತ್ತಿ, ನಾಲ್ಕನೇ ಅರ್ಜಿ ಕಳಿಸಿದೆ: 'ಸದರಿ ಪೈಪಿನ ದುರಸ್ತಿ ಸದ್ಯಕ್ಕೆ ಬೇಡ, ಯಾವ ಕ್ರಮವನ್ನೂ ಕೈಗೊಳ್ಳಬಾರದಾಗಿ ಕೋರಿಕೆ.'

ಹತ್ತು ನಿಮಿಷದಲ್ಲಿ ಮಂಜೂರಾಯಿತು. ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅಷ್ಟು ಬೇಗ ಮಂಜೂರಾದ ಅರ್ಜಿ ಅದೊಂದೇ.