ಕೆಮ್ಮಿನ ಗುಳಿಗೆ ಮತ್ತು ಅಜ್ಜನ ಸುತ್ತಿಗೆ

ಫೋಲ್ಕೆಗೆ ಕೆಮ್ಮು ಬಂದದ್ದು ತಪ್ಪಲ್ಲ. ಫೆಬ್ರವರಿ ತಿಂಗಳಲ್ಲಿ ಹಿಮ ಸುರಿಯುವ ನೋರ್‌ಶೋಪಿಂಗ್ ಊರಿನಲ್ಲಿ ಕೆಮ್ಮದವರು ಯಾರಿದ್ದಾರೆ? ಬಾಯಲ್ಲಿ ಗುಳಿಗೆ ಇಟ್ಟುಕೊಂಡು ಪ್ರಯೋಗಾಲಯದೊಳಗೆ ಹೋದದ್ದು ತಪ್ಪು. ಅಲ್ಲಿ ಏನನ್ನೂ ತಿನ್ನುವಂತಿಲ್ಲ. ಸಿಕ್ಕಿಬಿದ್ದವರು ಸುರಕ್ಷತೆಯ ಉಸ್ತುವಾರಿ ಗುನ್‌ವೋರಳಿಂದ ಬೈಸಿಕೊಂಡು, ಮಾರನೆಯ ದಿನ ಎಲ್ಲರಿಗೂ ಕೇಕು ತರಬೇಕು.

ಅದೂ ಎಂಥ ದಿನ! ಮಧ್ಯಾಹ್ನದ ಕಾಫಿಯ ಹೊತ್ತಿಗೆ ಫೋಲ್ಕೆ ತನ್ನ ಅಚ್ಚಾದ ಪ್ರಬಂಧವನ್ನು ಕಾರಿಡಾರಿನ ಹಲಗೆಗೆ ಎಲ್ಲರೆದುರು ಮೊಳೆ ಹೊಡೆದು ತೂಗುಹಾಕಬೇಕಿತ್ತು. ಅದು ಅಲ್ಲಿನ ಪದ್ಧತಿ, ಮೊಳೆ ಬೀಳದೆ ಡಾಕ್ಟರ್ ಪದವಿಯ ಮಾತೇ ಇಲ್ಲ. ಅದನ್ನು ಕಣ್ತುಂಬ ನೋಡಲೆಂದು ಅವನ ಅಮ್ಮ ಡಗ್ನಿ ಉತ್ತರದ ತುದಿಯಿಂದ ರೈಲಿನಲ್ಲಿ ಬಂದಿಳಿದಿದ್ದರು. ಕೈಚೀಲದಲ್ಲಿ ಅಜ್ಜನ ಸುತ್ತಿಗೆ ಇತ್ತು.

"ಅಮ್ಮನಿಗೆ ತೋರಿಸೋಕೆ ಒಂದು ಗಾಜಿನ ಮೇಲೆ ನಿನ್ನ ಪ್ಲಾಸ್ಟಿಕ್ಕಿನ ಪದರ ಹಚ್ಚಿಡು" ಎಂದು ಪ್ರೊಫೆಸರ್ ರಗ್ನ್‌ಹಿಲ್ಡ್ ಬೆಳಿಗ್ಗೆಯೇ ಹೇಳಿದ್ದರು. ಫೋಲ್ಕೆ ಆ ಪದರ ಮಾಡುವ ನೀಲಿ ದ್ರವದ ಕೊನೆಯ ಸೀಸೆಯ ಮುಚ್ಚಳ ತೆಗೆದು ಬಗ್ಗಿದ್ದ. ಅಷ್ಟರಲ್ಲಿ ಬಾಗಿಲಾಚೆ ಗುನ್‌ವೋರಳ ಮರದ ಚಪ್ಪಲಿಯ ಸದ್ದು ಕೇಳಿಸಿತು. ಬೆಚ್ಚಿಬಿದ್ದು ಬಾಯಿ ತೆರೆದ. ಗುಳಿಗೆ ಸೀದಾ ಸೀಸೆಯೊಳಗೆ ಬಿತ್ತು.

"ಏನದು ಪುಳಕ್ ಅಂದಿದ್ದು?" ಎಂದು ಗುನ್‌ವೋರ್ ಒಳಗೆ ಇಣುಕಿದಳು.

"ಕೆಮ್ಮು" ಎಂದ ಫೋಲ್ಕೆ.

ಆಕೆ ಹೋಗುವಷ್ಟರಲ್ಲಿ ಗುಳಿಗೆ ಕರಗಿಹೋಗಿತ್ತು. ಬೇರೆ ದ್ರವ ಇರಲಿಲ್ಲ. ಅಮ್ಮ ನೋಡುವುದಕ್ಕೆ ತಾನೆ, ನೀಲಿಯಾಗಿದ್ದರೆ ಸಾಕು ಎಂದುಕೊಂಡು ಅದನ್ನೇ ಹಚ್ಚಿ, ಬಿಸಿಮಾಡಿ ಒಣಗಿಸಿದ.

ಮಧ್ಯಾಹ್ನ ಎಲ್ಲರೂ ಸೇರಿದರು. ಸಂಭ್ರಮಕ್ಕೆಂದು ತಂದ ಹಸಿರು ಕೇಕು ಮೇಜಿನ ಮೇಲೆ ಕಾಯುತ್ತಿತ್ತು. ರಗ್ನ್‌ಹಿಲ್ಡ್ ನೀಲಿ ಪದರದ ಗಾಜನ್ನು ಎತ್ತಿ ಹಿಡಿದು ಡಗ್ನಿಗೆ ವಿವರಿಸತೊಡಗಿದರು.

"ಇದು ಪ್ಲಾಸ್ಟಿಕ್ಕೇ, ಡಗ್ನಿ. ಆದರೆ ವಿದ್ಯುತ್ತು ಹರಿಯುತ್ತೆ. ಒಳಗೆಲ್ಲ ಸಿಕ್ಕುಬಿದ್ದ ಉಣ್ಣೆ ದಾರ ಇದ್ದ ಹಾಗೆ. ಒಂದು ಎಳೆ ಮೇಲೆ ವಿದ್ಯುತ್ತು ಸಲೀಸಾಗಿ ಓಡುತ್ತೆ, ಎಳೆ ಮುಗೀತು ಅಂದ್ರೆ ಪಕ್ಕದ ಎಳೆಗೆ ಜಿಗೀಬೇಕು. ನಡುವೆ ವಿದ್ಯುತ್ತು ಬಿಡದ ಸಾಮಾನು ಬೇಲಿ ಥರ ನಿಂತಿದೆ. ಜಿಗಿಯೋಕಾಗದೆ ಅಲ್ಲೇ ಕೂತ್ಕೊಳ್ಳುತ್ತೆ."

"ನನ್ನ ಮಗನ ಹಾಗೆ" ಎಂದರು ಡಗ್ನಿ.

"ಅವನು ನಾಲ್ಕು ವರ್ಷ ಅಳೆದು ತೋರಿಸಿದ್ದೂ ಅದನ್ನೇ. ಏನೂ ಬೆರೆಸದೆ ಇದರಲ್ಲಿ ಇಷ್ಟಕ್ಕಿಂತ ಹೆಚ್ಚು ಹರಿಯೋಲ್ಲ ಅಂತ. ಸ್ಟಿಗ್, ಅಳೆದು ತೋರಿಸು."

ಫೋಲ್ಕೆಯ ಪಕ್ಕದ ಮೇಜಿನ ಸ್ಟಿಗ್‌ಗೆ ಇನ್ನೊಬ್ಬರ ಕೆಲಸದಲ್ಲಿ ಕೈಯಿಡುವುದೆಂದರೆ ಹಬ್ಬ. ಸೂಜಿಗಳನ್ನು ಪದರಕ್ಕೆ ಒತ್ತಿದ, ಅಂಕಿ ನೋಡಿದ, ಕನ್ನಡಕ ಒರೆಸಿಕೊಂಡ. "ನೂರು ಪಟ್ಟು ಜಾಸ್ತಿ ಹರೀತಿದೆ!"

ಡಗ್ನಿ ಒಬ್ಬರೇ ಚಪ್ಪಾಳೆ ತಟ್ಟಿದರು. "ಜಾಸ್ತಿ ಹರಿದರೆ ಒಳ್ಳೇದಲ್ವಾ?"

"ಒಳ್ಳೇದೇ" ಎಂದರು ರಗ್ನ್‌ಹಿಲ್ಡ್, ಸಾವಿನ ಮನೆಯ ದನಿಯಲ್ಲಿ. "ಆದರೆ ಆಗಲ್ಲ ಅಂತ ಪುಸ್ತಕ ಅಚ್ಚಾಗಿದೆ."

ಸುದ್ದಿ ಒಂದು ಕೋಣೆಯೊಳಗೆ ಸರ್ರನೆ ಓಡಿತು, ಬಾಗಿಲಲ್ಲಿ ಕ್ಷಣ ತಡೆಯಿತು, ಯಾರೋ ಕಾಫಿಗೆಂದು ಹೊರಬಿದ್ದೊಡನೆ ಪಕ್ಕದ ಕೋಣೆಗೆ ಜಿಗಿಯಿತು. ಕಾರಿಡಾರಿನ ಕೊನೆ ಮುಟ್ಟುವಷ್ಟರಲ್ಲಿ ಫೋಲ್ಕೆಗೆ ದೊಡ್ಡ ಬಹುಮಾನವೇ ಬಂದಿದೆ ಎಂಬ ಮಾತಾಗಿತ್ತು. "ಆ ದ್ರವ ನಾನು ಮೊನ್ನೆ ಕಲಕಿಕೊಟ್ಟಿದ್ದೆ, ಅದಕ್ಕೇ" ಎಂದ ಸ್ಟಿಗ್. "ಇವತ್ತು ಮೊಳೆ ಬೇಡ. ಕಾರಣ ಗೊತ್ತಾಗೋವರೆಗೆ ನಿಲ್ಲಿಸೋಣ" ಎಂದರು ರಗ್ನ್‌ಹಿಲ್ಡ್.

ಫೋಲ್ಕೆಗೆ ಬಿಸಿತುಪ್ಪ ಬಾಯಲ್ಲಿದ್ದ ಹಾಗಾಯಿತು. ಸುಮ್ಮನಿದ್ದರೆ ಜಾಣನೆನಿಸಿಕೊಳ್ಳಬಹುದು, ಪ್ರಬಂಧ ಹೋಗುತ್ತದೆ. ನಿಜ ಹೇಳಿದರೆ ಮಾನ ಹೋಗುತ್ತದೆ, ಪ್ರಬಂಧ ಉಳಿಯುತ್ತದೆ. ಕೋಟನ್ನೂ ಬಿಚ್ಚದೆ ಸುತ್ತಿಗೆ ಹಿಡಿದು ನಿಂತಿದ್ದ ಅಮ್ಮನನ್ನು ನೋಡಿದ. ಪಾಪ, ಅಷ್ಟು ದೂರದಿಂದ ಬಂದವರು.

"ಅದರೊಳಗೆ ನನ್ನ ಕೆಮ್ಮಿನ ಗುಳಿಗೆ ಬಿದ್ದಿದೆ" ಎಂದ. "ಸಕ್ಕರೆ ಇಲ್ಲದ್ದು."

ಗುನ್‌ವೋರ್ ಕಾಫಿ ಲೋಟ ಕುಕ್ಕಿದಳು. "ಪ್ರಯೋಗಾಲಯದಲ್ಲಿ ಬಾಯಾಡಿಸ್ತೀಯಾ? ನಾಚಿಕೆ ಆಗಲ್ವಾ?"

ರಗ್ನ್‌ಹಿಲ್ಡ್ ಮಾತ್ರ ಕುರ್ಚಿಗೊರಗಿ ಜೋರಾಗಿ ನಕ್ಕುಬಿಟ್ಟರು. "ಸಿಹಿಗೆ ಸಾರ್ಬಿಟಾಲ್ ಹಾಕಿರ್ತಾರೆ! ಅದು ಬೇಲಿ ಸರಿಸುತ್ತೆ, ಎಳೆಗಳು ಹತ್ತಿರ ಬರ್ತವೆ ಅನ್ನೋದು ಎಷ್ಟೋ ವರ್ಷದಿಂದ ಗೊತ್ತಿರೋ ವಿಷಯ. ನೀನು ಬರೆದಿರೋದು ಏನೂ ಬೆರೆಸದೆ ಇದ್ದಾಗಿನ ಮಾತು. ಪ್ರಬಂಧಕ್ಕೇನೂ ಆಗಿಲ್ಲ ಕಣೋ. ಬಾಯಲ್ಲಿ ಗುಳಿಗೆ ಇಟ್ಕೊಂಡು ಒಳಗೆ ಹೋಗಿದ್ದು ಇವತ್ತೊಂದೇ ದಿನ ತಾನೇ?"

"ಇವತ್ತೊಂದೇ ದಿನ, ಆಣೆ" ಎಂದ ಫೋಲ್ಕೆ.

"ನಾಳೆ ಕೇಕು ನಿನ್ನದು" ಎಂದಳು ಗುನ್‌ವೋರ್. ಅವಳ ಮುಖವೂ ಸಡಿಲಾಯಿತು. ಸ್ಟಿಗ್ ಮೊಳೆ ತಂದ. ಫೋಲ್ಕೆ ಪುಸ್ತಕವನ್ನು ಹಲಗೆಗೆ ಹಿಡಿದು ಸುತ್ತಿಗೆ ಎತ್ತಿದ.

ಡಗ್ನಿಗೆ ಬೇಸರವಾಗಿತ್ತು. ತನ್ನ ಮಗನನ್ನು ಪರವೂರಿನವರು ಬೈದರೆ ಯಾವ ತಾಯಿ ಸುಮ್ಮನಿರುತ್ತಾಳೆ?

"ಅವನನ್ನು ಯಾಕೆ ಬೈತೀರಿ? ಗಂಟಲು ಸೂಕ್ಷ್ಮ ಅವನದು. ಬಾಯಲ್ಲಿ ಗುಳಿಗೆ ಇಲ್ಲದೆ ಅವನು ಒಂದು ದಿನವೂ ಕೆಲಸ ಮಾಡಿದವನಲ್ಲ. ಬೇಕಾದರೆ ನನ್ನ ಕೇಳಿ. ಈ ನಾಲ್ಕು ವರ್ಷವೂ ತಿಂಗಳು ತಿಂಗಳು ಡಬ್ಬಿ ಕಳಿಸಿದ್ದು ನಾನೇ!"

ಸುತ್ತಿಗೆ ಗಾಳಿಯಲ್ಲೇ ನಿಂತಿತು.

ರಗ್ನ್‌ಹಿಲ್ಡ್ ಕೇಕಿನ ತಟ್ಟೆ ಕೆಳಗಿಟ್ಟರು. "ಫೋಲ್ಕೆ," ಎಂದರು ಮೆಲ್ಲಗೆ, "ಏನೂ ಬೆರೆಸಿಲ್ಲ ಅಂತ ಬರೆದಿದ್ದೀಯಲ್ಲ. ಆ ಅಳತೆಗಳಲ್ಲಿ ಯಾವುದಕ್ಕೆ ಗುಳಿಗೆ ಬಿದ್ದಿತ್ತು, ಯಾವುದಕ್ಕೆ ಬಿದ್ದಿರಲಿಲ್ಲ?"

ಫೋಲ್ಕೆ ಉತ್ತರಿಸಲು ಬಾಯಿ ತೆರೆದ. ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಸ್ಟಿಗ್ ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡಿದ್ದ. ರಗ್ನ್‌ಹಿಲ್ಡ್ ಪುಸ್ತಕವನ್ನು ತಮ್ಮ ಕಂಕುಳಿಗೆ ಸೇರಿಸಿ, "ಮೊದಲಿಂದ ಎಲ್ಲಾ ಇನ್ನೊಂದು ಸಲ ಅಳೆಯೋಣ" ಎಂದರು.

ಮಗ ಮತ್ತೆ ಕೆಮ್ಮಿದ. ಡಗ್ನಿ ಕೈಚೀಲ ತಡಕಿ, ದಾರಿಯಲ್ಲಿ ಕೊಂಡ ಗುಳಿಗೆಯ ಹೊಸ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು.

"ಬೇಡ!" ಎಂದು ಇಡೀ ಕಾರಿಡಾರು ಒಟ್ಟಿಗೆ ಕೂಗಿತು.