ಹುಳದ ಭರಣಿಯೂ ಕುಷ್ಟಗಿಯ ಶೆಟ್ಟರೂ

ನಿಜಾಮರ ರಾಜ್ಯದ ಕಾಲ. ನಾನು ಹೈದರಾಬಾದಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ನಮ್ಮೂರು ಯಲಬುರ್ಗಾದಲ್ಲಿ ಆ ಶಾಸ್ತ್ರ ಓದಿದವನು ನಾನೊಬ್ಬನೇ. ಹಾಗಾಗಿ ನನ್ನನ್ನು ತಿದ್ದುವವರು ಯಾರೂ ಇರಲಿಲ್ಲ. ಬೇಸಿಗೆ ರಜೆಗೆ ಊರಿಗೆ ಬಂದವನು ಒಂದು ಮಹಾಕಾರ್ಯ ಕೈಗೊಂಡೆ. ಕುರಿಯ ಕರುಳಲ್ಲಿ ಬದುಕುವ ಒಂದು ಹುಳ. ಪಂಡಿತರೂ ಅದನ್ನು ಅಷ್ಟಾಗಿ ಗಮನಿಸಿರಲಿಲ್ಲ. ಅದು ಮೊಟ್ಟೆಯಿಂದ ಹೇಗೆ ಬೆಳೆಯುತ್ತದೆ, ತಂದೆತಾಯಿಯ ಗುಣ ಮರಿಗೆ ಹೇಗೆ ಇಳಿಯುತ್ತದೆ ಎಂದು ಜಗತ್ತಿಗೆ ತಿಳಿಸುವುದು. ಇಷ್ಟೇ!

ಹುಳ ಬೇಕೆಂದರೆ ಖಾಸೀಂಸಾಬರ ಮಾಂಸದ ಅಂಗಡಿಗೆ ಹೋಗಬೇಕು. ನಮ್ಮದೋ, ಮಾಂಸದ ಹೆಸರೆತ್ತಿದರೂ ಬಾಯಿ ತೊಳೆಯುವ ಮನೆ! ಹುಳಗಳನ್ನು ಗಾಜಿನ ಭರಣಿಯ ಉಪ್ಪುನೀರಲ್ಲಿ ಬಿಡುತ್ತಿದ್ದೆ. ಸತ್ತಂತೆಲ್ಲ ಹೊಸವನ್ನು ತರಲು ದಿನಾ ಅಂಗಿಯೊಳಗೆ ಡಬ್ಬಿ ಬಚ್ಚಿಟ್ಟುಕೊಂಡು ಓಡುತ್ತಿದ್ದೆ. ಕೈಯಲ್ಲೇ ಹಿಡಿದಿದ್ದರೆ ಯಾರೂ ನೋಡುತ್ತಿರಲಿಲ್ಲ. ಬಚ್ಚಿಟ್ಟಿದ್ದಕ್ಕೆ ಊರೆಲ್ಲ ನೋಡಿತು!

ಒಂದು ದಿನ ಅವ್ವ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಕುಷ್ಟಗಿ ಶೆಟ್ರು ಮಗಳನ್ನ ಕೊಡಾಕ ಮಾತಾಡ್ಯಾರ. ನೀನು ಮಾಂಸ ತಿಂತಿ ಅಂತ ಅಲ್ಲೀತನಕ ಸುದ್ದಿ ಹೋಗೈತಿ. ವಿಚಾರಸಾಕ ಇವತ್ತ ಬರಾಕತ್ಯಾರ!"

ಆ ಹುಡುಗಿಯನ್ನು ಕೊಪ್ಪಳದ ಒಂದು ಮದುವೆಯಲ್ಲಿ ನೋಡಿದ್ದೆ. ಅಂದಿನಿಂದ ನನ್ನ ಮನಸ್ಸಿನಲ್ಲಿ ನಮ್ಮ ಮದುವೆ ಆಗಿಯೇಬಿಟ್ಟಿತ್ತು.

"ಅಂಜಬ್ಯಾಡವ್ವಾ, ಖರೇ ಹೇಳಿಬಿಡ್ತೀನಿ" ಎಂದೆ. ಸತ್ಯದ ಮೇಲೆ ನನಗೆ ಅಷ್ಟು ಭರವಸೆ!

ಶೆಟ್ಟರು ಬಂದರು. ಮಜ್ಜಿಗೆಯ ಲೋಟ ಕೈಗೆತ್ತಿಕೊಂಡು ಕೇಳಿದರು: "ತಮ್ಮಾ, ಸಾಬರ ಅಂಗಡಿಗೆ ಹೋಗೋದು ಖರೇ ಏನು?"

"ಖರೇ ರೀ. ಆದ್ರ ಮಾಂಸಕ್ಕಲ್ರಿ, ಹುಳ ತರಾಕ."

"ಹುಳಾ?"

"ಹೂಂ ರೀ. ಮನ್ಯಾಗ ಸಾಕೀನಿ."

ಶೆಟ್ಟರು ಲೋಟದೊಳಗೆ ಒಮ್ಮೆ ಇಣುಕಿ, ಮೆಲ್ಲಗೆ ಕೆಳಗಿಟ್ಟರು. ಬಾಗಿಲ ಹಿಂದಿನಿಂದ ಅವ್ವನ ದನಿ ಕೇಳಿತು: "ಮಾಂಸ ತಿಂತೀನಿ ಅಂದಿದ್ರ ಇದಕ್ಕಿಂತ ಪಾಡಿತ್ತಪ್ಪಾ!"

ಅವರಿಗೆ ನಂಬಿಕೆ ಬಂದಿಲ್ಲವೆಂದು ತಿಳಿದು, ಭರಣಿಯನ್ನೇ ತಂದು ಮುಂದಿಟ್ಟೆ. ಉಪನ್ಯಾಸ ಶುರುಮಾಡಿದೆ. "ತಂದಿ ಗುಣ ಮಕ್ಕಳಿಗೆ ಬರತೈತ್ರಿ. ಅದನ್ನ ಇದರಾಗ ನೋಡೋದು."

"ಹಂಗಾದ್ರ ನಾಳೆ ನನ್ನ ಮೊಮ್ಮಕ್ಕಳೂ ಹುಳ ಸಾಕ್ತಾವೇನು?"

ನಾನು ಭರಣಿಯನ್ನು ಅವರ ಹತ್ತಿರಕ್ಕೆ ಇನ್ನಷ್ಟು ಸರಿಸಿದೆ. ಶೆಟ್ಟರು ಭರಣಿಯತ್ತ ಬಗ್ಗಿದರು. "ಇರ್ಲಿ. ಇದರಾಗ ಗಂಡು ಯಾವ್ದು, ಹೆಣ್ಣು ಯಾವ್ದು?"

ಭರಣಿಯನ್ನು ಬೆಳಕಿಗೆ ಹಿಡಿದೆ. ತಿರುಗಿಸಿದೆ. ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲವೂ ಒಂದೇ ತರಹ!

"ಮೊಟ್ಟಿ ಇಟ್ಟ ಮ್ಯಾಲೆ ಗೊತ್ತಾಗತೈತ್ರಿ."

"ಇಟ್ಟಾವೇನು?"

"ಇನ್ನೂ ಇಲ್ರಿ. ರಜಾ ಸುರುವಾದಾಗಿಂದ ಕಾಯಾಕತ್ತೀನಿ."

ಶೆಟ್ಟರು ರುಮಾಲು ಸರಿಮಾಡಿಕೊಂಡು ಎದ್ದರು. "ಅಕ್ಕಾರ, ನಿಮ್ಮ ಮಗ ಮಾಂಸ ತಿನ್ನೋದಿಲ್ಲ, ಖಾತ್ರಿ ಆತು. ಆದ್ರ ಗಂಡು ಯಾವ್ದು, ಹೆಣ್ಣು ಯಾವ್ದು ತಿಳೀದವಗ ನಾ ಹೆಣ್ಣು ಹೆಂಗ ಕೊಡ್ಲಿ?"

ಹೋಗಿಯೇಬಿಟ್ಟರು.

ರಜೆ ಮುಗಿದ ಮೇಲೆ ಗುರುಗಳಿಗೆ ಹುಳಗಳನ್ನು ತೋರಿಸಿದೆ. ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಈ ಜಾತಿಯಲ್ಲಿ ಹೆಣ್ಣು ದೊಡ್ಡದು, ಗಂಡು ಸಣ್ಣದಂತೆ. ದೊಡ್ಡವನ್ನು ಕಂಡರೆ ಹೇಸಿಗೆಯೆಂದು ನಾನು ಆರಿಸಿ ತಂದದ್ದೆಲ್ಲ ಸಣ್ಣವೇ! ಭರಣಿ ತುಂಬ ಗಂಡುಗಳನ್ನು ಕೂಡಿಹಾಕಿ ಇಡೀ ಬೇಸಿಗೆ ಮೊಟ್ಟೆಗೆ ಕಾದಿದ್ದೆ. ಅವಕ್ಕೆ ಹೆಣ್ಣು ಸಿಗದ್ದಕ್ಕೆ ನಾನು ಕಾರಣ. ನನಗೆ ಸಿಗದ್ದಕ್ಕೂ ನಾನೇ!